‘ದಿಸ್ ವೆರಿ ರೂಮ್’ ಎಂದರೆ ‘ಈ ತುಂಬಾ ಕೋಣೆ’ಯೇ? ‘ವೆರಿ’ ಪದದ ಬಗ್ಗೆ ಒಂದು ಚರ್ಚೆ

ಹಾವೇರಿಯ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದ ಕಥೆಯಲ್ಲಿ ‘ಇನ್ ದಿಸ್ ವೆರಿ ರೂಮ್’ ಎಂಬ ಮಾತು ಬಂದಿತು. ನಮ್ಮ ಮಕ್ಕಳು ಪ್ರಾಥಮಿಕ ಶಾಲೆಯಿಂದಲೂ ‘ವೆರಿ ಎಂದರೆ ತುಂಬಾ’ ಎಂದು ಬಾಯಿಪಾಠ ಮಾಡಿದವರು. ಒಬ್ಬ ಹುಡುಗಿ ಎದ್ದು ನಿಂತು, “ಈ ತುಂಬಾ ಕೋಣೆ ಎಂದರೆ ಏನು ಮೇಡಂ?” ಎಂದು ಕೇಳಿದಳು. ಹಿಂದಿನ ಬೆಂಚಿನವರು ನಕ್ಕರು. ನನಗೆ ನಗು ಬರಲಿಲ್ಲ. ನಾವು ಕಲಿಸಿದ್ದನ್ನೇ ಅವಳು ಪ್ರಾಮಾಣಿಕವಾಗಿ ಅನ್ವಯಿಸಿ ನೋಡಿದ್ದಳು. “ಅದು ಒತ್ತು ಕೊಡುವುದಕ್ಕೆ ಬಂದಿದೆ” ಎಂದು ಹೇಳಿದೆ. ಅವಳು ಕುಳಿತಳು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಅದೇ ವಾರ ತಿದ್ದಿದ ಉತ್ತರ ಪತ್ರಿಕೆಗಳಲ್ಲಿ ‘ಐ ವೆರಿ ಲೈಕ್ ಮ್ಯಾಂಗೋ’, ‘ದಿಸ್ ಈಸ್ ವೆರಿ ಬೆಟರ್’, ‘ವೆರಿ ಲೆಸ್ ರೈನ್’ ಎಂಬ ವಾಕ್ಯಗಳು ಸಾಲುಸಾಲಾಗಿ ಸಿಕ್ಕವು. ಕೆಂಪು ಗೆರೆ ಎಳೆಯುತ್ತಾ ಹೋದೆ. ಅವು ಏಕೆ ತಪ್ಪು ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ. ಕನ್ನಡ ಬಲ್ಲ ಮಕ್ಕಳಿಗೆ ಈ ಪದವನ್ನು ಸರಿಯಾಗಿ ಕಲಿಸುವ ದಾರಿ ಯಾವುದು?

ಬೆಂಗಳೂರಿನ ಅನುವಾದಕ:

ಮೇಡಂ, ಆ ಹುಡುಗಿಗೆ ಬೇಕಾದ ಉತ್ತರ ಕನ್ನಡದ ಒಂದೇ ಅಕ್ಷರದಲ್ಲಿದೆ. ‘ಇನ್ ದಿಸ್ ವೆರಿ ರೂಮ್’ ಎಂದರೆ ‘ಇದೇ ಕೋಣೆಯಲ್ಲಿ’. ‘ದಿಸ್ ವೆರಿ ಡೇ’ ಎಂದರೆ ‘ಈ ದಿನವೇ’. ‘ದ ವೆರಿ ಥಾಟ್ ಫ್ರೈಟನ್ಡ್ ಹರ್’ ಎಂದರೆ ‘ಆ ಯೋಚನೆಯೇ ಅವಳನ್ನು ಹೆದರಿಸಿತು’. ನಾಮಪದದ ಮುಂದೆ ನಿಂತ ‘ವೆರಿ’ ಮಾಡುವ ಕೆಲಸವನ್ನು ನಮ್ಮಲ್ಲಿ ಅವಧಾರಣೆಯ ‘ಏ’ ಮಾಡುತ್ತದೆ. ಅದು ಮುಂದೆ ನಿಲ್ಲುತ್ತದೆ, ಇದು ಹಿಂದೆ ಅಂಟಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ.

ಅನುವಾದದ ಕೆಲಸದಲ್ಲಿ ಇದನ್ನು ನಾನು ತಡವಾಗಿ ಕಲಿತೆ. ಮೊದಮೊದಲು ‘ದ ವೆರಿ ಮ್ಯಾನ್’ ಬಂದಾಗಲೆಲ್ಲ ‘ಸಾಕ್ಷಾತ್ ಆ ಮನುಷ್ಯ’, ‘ಸ್ವತಃ ಆ ವ್ಯಕ್ತಿ’ ಎಂದೆಲ್ಲ ಬರೆಯುತ್ತಿದ್ದೆ. ‘ಅವನೇ’ ಎಂದರೆ ಸಾಕಿತ್ತು.

ಧಾರವಾಡದ ನಿವೃತ್ತ ಅಧ್ಯಾಪಕ:

ಅನುವಾದಕರು ಹೇಳಿದ್ದು ಸರಿ. ಒಂದೇ ಪದಕ್ಕೆ ಈ ಎರಡು ಮುಖಗಳು ಹೇಗೆ ಬಂದವು ಎಂಬುದನ್ನೂ ಆ ಹುಡುಗಿಗೆ ಹೇಳಬೇಕು ಎಂದು ನನಗೆ ತೀವ್ರವಾಗಿ ಅನ್ನಿಸುತ್ತದೆ.

‘ವೆರಿ’ ಹುಟ್ಟಿನಿಂದ ಇಂಗ್ಲಿಷ್ ಪದವಲ್ಲ. 1066ರಲ್ಲಿ ಫ್ರೆಂಚ್ ಮಾತನಾಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಅಲ್ಲಿನ ಭಾಷೆಗೆ ಹರಿದು ಬಂದವಲ್ಲ, ಆ ಹೊಳೆಯಲ್ಲಿ 13ನೇ ಶತಮಾನದ ಹೊತ್ತಿಗೆ ಬಂದು ಸೇರಿದ ಪದ ಇದು. ಇಂದಿನ ಫ್ರೆಂಚಿನ ‘ವ್ರೇ’ ಇದರ ಒಡಹುಟ್ಟು. ಎರಡರ ಮೂಲವೂ ಲ್ಯಾಟಿನ್ನಿನ ‘ವೇರುಸ್’. ಅದರ ಅರ್ಥ ‘ನಿಜ’, ‘ಸತ್ಯ’. ‘ವೆರಿಫೈ’ ಎಂದರೆ ನಿಜವೇ ಎಂದು ನೋಡುವುದು. ‘ವರ್ಡಿಕ್ಟ್’ ಎಂದರೆ ನಿಜವಾಗಿ ನುಡಿದದ್ದು. ‘ವೆರಿ’ ಕೂಡ ಅದೇ ಮನೆತನದ್ದು.

14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ತನ್ನ ಕಾವ್ಯದ ಯೋಧನನ್ನು ಪರಿಚಯಿಸುವಾಗ ಈ ಪದವನ್ನು ಬಳಸಿದ. ಅಲ್ಲಿ ಅದರ ಅರ್ಥ ‘ತುಂಬಾ’ ಅಲ್ಲ, ‘ನಿಜವಾದ’, ‘ಅಪ್ಪಟ’. ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕದಲ್ಲಿ ಇಂದಿಗೂ ‘ವೆರಿ ಗಾಡ್ ಆಫ್ ವೆರಿ ಗಾಡ್’ ಎಂಬ ಮಾತಿದೆ. ‘ನಿಜದೇವರಿಂದ ಬಂದ ನಿಜದೇವರು’ ಎಂದು ಅದರ ತಾತ್ಪರ್ಯ. ‘ನಿಜವಾಗಿ ಒಳ್ಳೆಯವನು’ ಎಂದು ಸಾವಿರ ಸಲ ಹೇಳಿದರೆ ‘ನಿಜ’ ಸವೆದು ‘ಬಹಳ ಒಳ್ಳೆಯವನು’ ಎಂಬ ಅರ್ಥ ಉಳಿಯುತ್ತದೆ. ಗುಣವಾಚಕಗಳ ಮುಂದೆ ಆದದ್ದು ಇದೇ. ನಾಮಪದದ ಮುಂದೆ ಮಾತ್ರ ಹಳೆಯ ‘ನಿಜ’ದ ನೆರಳು ಉಳಿದುಕೊಂಡಿತು. ‘ದಿಸ್ ವೆರಿ ರೂಮ್’ ಎಂದರೆ ‘ನಿಜವಾಗಿ ಇದೇ ಕೋಣೆ, ಬೇರೆಯದಲ್ಲ’.

ನಮ್ಮ ಕಡೆ ‘ಖರೇ’ ಎಂಬ ಮಾತು ಇದೆಯಲ್ಲ, ಅದೂ ಸತ್ಯವೇ. ‘ಖರೇ ಹೇಳುತ್ತೇನೆ’ ಎಂದು ಆರಂಭಿಸುವ ಎಷ್ಟು ಮಾತುಗಳಲ್ಲಿ ಪ್ರಮಾಣ ಮಾಡುವ ಉದ್ದೇಶ ಇರುತ್ತದೆ? ಮಾತಿಗೆ ತೂಕ ಕೊಡುವುದಕ್ಕೇ ಅದು ಬರುತ್ತದೆ.

ಮೈಸೂರಿನ ಕರಡು ತಿದ್ದುವವರು:

ಗುರುಗಳ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳುತ್ತೇನೆ. ಒಂಬತ್ತನೇ ತರಗತಿಯ ಮಗುವಿಗೆ ಲ್ಯಾಟಿನ್ ಮೂಲ ಏಕೆ? ನಲವತ್ತು ನಿಮಿಷದ ತರಗತಿ, ಐವತ್ತು ಮಕ್ಕಳು. ಅವರಿಗೆ ಬೇಕಾಗಿರುವುದು ಕೈಗೆ ಸಿಗುವ ಒಂದು ನಿಯಮ.

‘ಐ ವೆರಿ ಲೈಕ್’ ತಪ್ಪಿಗೆ ನನ್ನ ಹತ್ತಿರ ಒಂದು ಮದ್ದಿದೆ. ಇಂಗ್ಲಿಷಿನ ಗಂಧವೇ ಇಲ್ಲದವರಿಗೂ ‘ಥ್ಯಾಂಕ್ ಯು ವೆರಿ ಮಚ್’ ಗೊತ್ತು. ‘ವೆರಿ ಥ್ಯಾಂಕ್ ಯು’ ಎಂದು ಯಾರೂ ಹೇಳುವುದಿಲ್ಲ. ‘ಥ್ಯಾಂಕ್’ ಕ್ರಿಯಾಪದ. ಕ್ರಿಯಾಪದದ ಹತ್ತಿರ ‘ವೆರಿ’ ಒಂಟಿಯಾಗಿ ಹೋಗುವುದಿಲ್ಲ, ‘ಮಚ್’ ಅನ್ನು ಜೊತೆಗೆ ಕರೆದುಕೊಂಡು ವಾಕ್ಯದ ಕೊನೆಗೆ ಹೋಗುತ್ತದೆ. ‘ಐ ಲೈಕ್ ಮ್ಯಾಂಗೋಸ್ ವೆರಿ ಮಚ್’ ಕೂಡ ಅದೇ ಅಚ್ಚಿನದು. ಕನ್ನಡದ ‘ತುಂಬಾ’ಗೆ ಈ ಕಟ್ಟುಪಾಡು ಇಲ್ಲ. ‘ತುಂಬಾ ಸಿಹಿ’ಯೂ ಸರಿ, ‘ತುಂಬಾ ಅತ್ತಳು’ ಕೂಡ ಸರಿ. ಮಕ್ಕಳು ಎಡವುವುದು ಅಲ್ಲಿಯೇ.

‘ವೆರಿ ಬೆಟರ್’ಗೂ ಕನ್ನಡದ ಒಳಗೇ ಉತ್ತರವಿದೆ. ಹೋಲಿಕೆ ಬಂದಾಗ ನಾವೂ ಪದ ಬದಲಿಸುತ್ತೇವೆ. ‘ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ತುಂಬಾ ಮೇಲು’ ಎಂದರೆ ಕಿವಿಗೆ ಸ್ವಲ್ಪ ತೊಡಕು. ‘ಎಷ್ಟೋ ಮೇಲು’ ಎಂದರೆ ನಿರಾಳ. ಆ ‘ಎಷ್ಟೋ’ ಬರುವ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಮಚ್’ ಅಥವಾ ‘ಫಾರ್’ ಬರುತ್ತದೆ.

ಹಾವೇರಿಯ ಶಿಕ್ಷಕಿ:

‘ಥ್ಯಾಂಕ್ ಯು ವೆರಿ ಮಚ್’ ಉದಾಹರಣೆಯನ್ನು ನಾಳೆಯೇ ಬಳಸುತ್ತೇನೆ. ಇಷ್ಟು ವರ್ಷ ನನಗೇ ಹೊಳೆದಿರಲಿಲ್ಲ. ಆದರೆ ಸರ್, ಇತಿಹಾಸ ಬೇಡ ಎಂಬ ಮಾತನ್ನು ಒಪ್ಪಲಾರೆ. ಆ ಹುಡುಗಿಯ ಬಾಯಲ್ಲಿ ಬಂದದ್ದು ‘ಏನು’, ಮನಸ್ಸಿನಲ್ಲಿದ್ದದ್ದು ‘ಹೇಗೆ’. ನಿಯಮ ಹೇಳಿ ಕೂರಿಸಿದರೆ ಮುಂದಿನ ಸಲ ಅವಳು ಎದ್ದು ನಿಲ್ಲುವುದಿಲ್ಲ ಎಂಬ ಭಯ ನನಗೆ.

ಶಿರಸಿಯ ಓದುಗ:

ನಮ್ಮಲ್ಲಿ ‘ರಾಶಿ’ ಎನ್ನುತ್ತೇವೆ. ರಾಶಿ ಚೆಂದ, ರಾಶಿ ಖುಷಿ. ಅಡಿಕೆಯ ರಾಶಿಯಿಂದ ಬಂದ ಮಾತು ಸಂತೋಷವನ್ನೂ ಅಳೆಯುತ್ತದೆ. ಮಂಡ್ಯದ ಗೆಳೆಯ ‘ಶಾನೆ’ ಎನ್ನುತ್ತಾನೆ, ಧಾರವಾಡದವರು ‘ಭಾಳ’ ಎನ್ನುತ್ತಾರೆ. ಇವೆಲ್ಲ ಎಲ್ಲಿಂದ ಬರುತ್ತವೆ ಗುರುಗಳೇ?

ಧಾರವಾಡದ ನಿವೃತ್ತ ಅಧ್ಯಾಪಕ:

ಜನ ಕೈಗೆಟುಕಿದ ದೊಡ್ಡ ವಸ್ತುವನ್ನು ಅಳತೆಗೋಲು ಮಾಡಿಕೊಳ್ಳುತ್ತಾರೆ. ‘ರಾಶಿ’ಯಲ್ಲಿ ಗುಡ್ಡೆ ಇದೆ, ‘ಭಾರಿ’ಯಲ್ಲಿ ತೂಕ ಇದೆ. ‘ಬಹಳ’ದ ಸಂಸ್ಕೃತ ಮೂಲದಲ್ಲಿ ದಟ್ಟವಾದದ್ದು, ಒತ್ತಾದದ್ದು ಎಂಬ ಅರ್ಥವಿದೆ. ನಮ್ಮ ‘ಭಾಳ’ ಅದೇ ಪದದ ಮಾತಿನ ರೂಪ. ‘ಭಯಂಕರ ಚೆನ್ನಾಗಿದೆ’ ಎನ್ನುವವರು ಹೆದರಿಕೆಯನ್ನೇ ಅಳತೆಗೆ ತಂದರು. ಇಂಗ್ಲಿಷಿನ ‘ಟೆರಿಬ್ಲಿ’, ‘ಆಫುಲಿ’ ಹುಟ್ಟಿದ್ದೂ ಹೀಗೆಯೇ. ಜರ್ಮನ್ನಿನಲ್ಲಿ ‘ಬಹಳ’ ಎನ್ನಲು ‘ಜೇರ್’ ಎನ್ನುತ್ತಾರೆ. ಅದರ ಹಳೆಯ ಅರ್ಥ ‘ನೋವಾಗುವಂತೆ’. ಇಂಗ್ಲಿಷಿನಲ್ಲಿ ಹುಣ್ಣಿಗೆ ಹೇಳುವ ‘ಸೋರ್’ ಅದರ ನಂಟ.

‘ವೆರಿ’ಗಿಂತ ಮೊದಲು ಇಂಗ್ಲಿಷಿನವರು ಏನು ಹೇಳುತ್ತಿದ್ದರು? ಹಳೆಯ ಇಂಗ್ಲಿಷಿನಲ್ಲಿ ‘ಸ್ವಿಥೆ’ ಎಂಬ ಪದವಿತ್ತು. ‘ಬಲವಾಗಿ’ ಎಂದು ಅದರ ಮೂಲಾರ್ಥ. ಅದು ಈಗ ಪೂರ್ತಿ ಅಳಿದುಹೋಗಿದೆ. ಜೊತೆಗೆ ‘ಫುಲ್’ ಕೂಡ ಇತ್ತು. ಅದರ ಪಳೆಯುಳಿಕೆ ‘ಯು ನೋ ಫುಲ್ ವೆಲ್’ ಎಂಬ ಮಾತಿನಲ್ಲಿ ಉಳಿದಿದೆ.

ಈಗ ‘ತುಂಬಾ’ ನೋಡಿ. ‘ತುಂಬು’ ಧಾತುವಿನಿಂದ ಬಂದದ್ದು, ಇಂಗ್ಲಿಷಿನ ಆ ಹಳೆಯ ‘ಫುಲ್’ ಹಿಡಿದ ದಾರಿಯನ್ನೇ ಹಿಡಿದದ್ದು. ‘ಮನೆ ತುಂಬಾ ನೆಂಟರು’ ಎಂದರೆ ಮನೆ ತುಂಬುವಷ್ಟು ನೆಂಟರು. ಇಲ್ಲಿ ಧಾತುವಿನ ಅರ್ಥ ಜೀವಂತವಾಗಿದೆ. ‘ತುಂಬಾ ನೆಂಟರು’ ಎಂದರೆ ಅನೇಕರು, ಅಷ್ಟೇ. ಮೂಲ ಸವೆದಿದೆ. ‘ತುಂಬಾ ಖಾಲಿ ಇದೆ’ ಎಂದೂ ನಾವು ಹೇಳುತ್ತೇವೆ, ಅಲ್ಲಿ ತುಂಬುವುದು ಎಲ್ಲಿ ಉಳಿಯಿತು? ನಾಮಪದದ ನಂತರ ಬಂದ ‘ತುಂಬಾ’ ತನ್ನ ಹಳೆಯ ಅರ್ಥ ಉಳಿಸಿಕೊಂಡಿತು, ಪದದ ಮೊದಲು ಬಂದಾಗ ಕಳೆದುಕೊಂಡಿತು. ‘ವೆರಿ’ಗೂ ಹೀಗೆಯೇ ಒಂದು ಜಾಗದಲ್ಲಿ ಹಳೆಯ ಅರ್ಥದ ನೆರಳು ಉಳಿಯಿತು, ಇನ್ನೊಂದರಲ್ಲಿ ಸವೆಯಿತು. ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ಲ್ಯಾಟಿನ್ ಹೇಳಬೇಡಿ, ಇದನ್ನು ಹೇಳಿ. ‘ಮನೆ ತುಂಬಾ’ ಮತ್ತು ‘ತುಂಬಾ ಮನೆ’ ಎರಡನ್ನೂ ಹಲಗೆಯ ಮೇಲೆ ಬರೆಯಿರಿ.

ಮೈಸೂರಿನ ಕರಡು ತಿದ್ದುವವರು:

ಗುರುಗಳೇ, ನನ್ನ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ‘ಮನೆ ತುಂಬಾ’ ಉದಾಹರಣೆ ಯಾವ ಮಗುವಿಗಾದರೂ ಅರ್ಥವಾಗುತ್ತದೆ.

ಕಲಬುರಗಿಯ ಪದವೀಧರ:

ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಕಂಪನಿಯ ಸಂದರ್ಶನದಲ್ಲಿ ‘ಮೈ ಎಕ್ಸ್‌ಪೀರಿಯನ್ಸ್ ಈಸ್ ವೆರಿ ಲೆಸ್’ ಎಂದೆ. ಎದುರಿಗಿದ್ದವರು ನನ್ನ ವಾಕ್ಯವನ್ನು ನನಗೇ ತಿದ್ದಿ ಹೇಳಿದರು. ಆಮೇಲೆ ನನ್ನ ನಾಲಿಗೆ ತಿರುಗಲಿಲ್ಲ, ಗೊತ್ತಿದ್ದ ಉತ್ತರಗಳೂ ಬಾಯಿಗೆ ಬರಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ನಮಗೆ ಆ ಒಂದು ಪದದಲ್ಲಿ ಆಗುವ ತಪ್ಪಿನ ಬೆಲೆ ಎಷ್ಟು ಎಂದು ಇಲ್ಲಿ ಎಲ್ಲರಿಗೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ‘ವೆರಿ ಲೆಸ್’ ಏಕೆ ತಪ್ಪು ಎಂದು ಯಾರೂ ಇದುವರೆಗೆ ನನಗೆ ವಿವರಿಸಿಲ್ಲ.

ಬೆಂಗಳೂರಿನ ಅನುವಾದಕ:

ತಮ್ಮಾ, ಇದರಲ್ಲಿ ನಿಮ್ಮ ಬುದ್ಧಿಯ ಕೊರತೆ ಎಳ್ಳಷ್ಟೂ ಇಲ್ಲ. ಕನ್ನಡದ ‘ಕಡಿಮೆ’ ಎರಡು ಕೆಲಸ ಮಾಡುತ್ತದೆ. ‘ಸಂಬಳ ಕಡಿಮೆ’ ಎಂದಾಗ ಅದು ‘ಸ್ವಲ್ಪ’, ‘ಲಿಟ್ಲ್’. ‘ಅವನ ಸಂಬಳಕ್ಕಿಂತ ಕಡಿಮೆ’ ಎಂದಾಗ ಅದು ‘ಲೆಸ್’. ನಮ್ಮಲ್ಲಿ ಹೋಲಿಕೆಯ ಭಾರವನ್ನು ‘ಗಿಂತ’ ಹೊರುತ್ತದೆ, ಪದದ ರೂಪ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಪದವೇ ಬದಲಾಗುತ್ತದೆ: ಲಿಟ್ಲ್ ಇದ್ದದ್ದು ಲೆಸ್ ಆಗುತ್ತದೆ, ಗುಡ್ ಇದ್ದದ್ದು ಬೆಟರ್ ಆಗುತ್ತದೆ. ‘ವೆರಿ’ ಸೇರುವುದು ಹೋಲಿಕೆ ಇಲ್ಲದ ರೂಪಕ್ಕೆ. ಆದ್ದರಿಂದ ‘ವೆರಿ ಲಿಟ್ಲ್ ಎಕ್ಸ್‌ಪೀರಿಯನ್ಸ್’, ಎಣಿಸಬಹುದಾದರೆ ‘ವೆರಿ ಫ್ಯೂ’. ಹೋಲಿಸುವಾಗ ‘ಮಚ್ ಲೆಸ್’.

ಆದರೆ ತುತ್ತತುದಿಯ ರೂಪಕ್ಕೆ ‘ವೆರಿ’ ಮತ್ತೆ ಸೇರುತ್ತದೆ. ‘ದ ವೆರಿ ಬೆಸ್ಟ್’, ‘ದ ವೆರಿ ಫಸ್ಟ್’, ‘ದ ವೆರಿ ಲಾಸ್ಟ್’ ಎಲ್ಲವೂ ಸರಿ. ಇವನ್ನು ಕನ್ನಡಕ್ಕೆ ತರುವಾಗ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ. ಮೊತ್ತಮೊದಲ, ಕಟ್ಟಕಡೆಯ, ನಟ್ಟನಡುವೆ, ತುತ್ತತುದಿ, ಬಟ್ಟಬಯಲು. ಶಾಲೆಯಲ್ಲಿ ದ್ವಿರುಕ್ತಿ ಎಂದು ಕಲಿತದ್ದು ಇದೇ. ‘ಇನ್ ದ ವೆರಿ ಮಿಡ್ಲ್ ಆಫ್ ದ ಫೀಲ್ಡ್’ ಎಂಬುದನ್ನು ‘ಹೊಲದ ನಟ್ಟನಡುವೆ’ ಎಂದು ಬರೆದ ದಿನ ಊಟ ರುಚಿಸುತ್ತದೆ. ಅದನ್ನೇ ‘ಹೊಲದ ತುಂಬಾ ಮಧ್ಯದಲ್ಲಿ’ ಎಂದು ಬರೆದಿರುವ ಅನುವಾದಗಳನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗಿದೆ.

ಮೈಸೂರಿನ ಕರಡು ತಿದ್ದುವವರು:

ನನ್ನ ಹಳೆಯ ನೋವನ್ನು ಕೆದಕಿದಿರಿ. ಈಚೆಗೆ ಬರುವ ಹಸ್ತಪ್ರತಿಗಳಲ್ಲಿ ಕನ್ನಡದ ಬೇರೆಲ್ಲ ಪದಗಳನ್ನು ‘ತುಂಬಾ’ ನುಂಗಿಹಾಕಿದೆ. ತುಂಬಾ ಕತ್ತಲೆ, ತುಂಬಾ ಬಡವ, ತುಂಬಾ ಕೆಂಪು, ತುಂಬಾ ದೊಡ್ಡ ಮರ. ಕಗ್ಗತ್ತಲೆ ಎಲ್ಲಿ ಹೋಯಿತು? ಕಡುಬಡವ, ಕಡುಗೆಂಪು, ಹೆಮ್ಮರ ಎಲ್ಲಿ ಹೋದವು? ‘ಕಗ್ಗತ್ತಲೆ’ ಎನ್ನುವಾಗ ಆ ಒತ್ತಕ್ಷರದಲ್ಲೇ ಕತ್ತಲೆ ಗಟ್ಟಿಯಾಗುತ್ತದೆ. ಇಂಗ್ಲಿಷ್ ಬರವಣಿಗೆ ಕಲಿಸುವವರೂ ಇದನ್ನೇ ಹೇಳುತ್ತಾರೆ: ‘ವೆರಿ’ ಜೋಡಿಸುವ ಮೊದಲು ಅದಕ್ಕಿಂತ ಗಟ್ಟಿಯಾದ ಒಂದೇ ಪದ ಇದೆಯೇ ನೋಡಿ ಎಂದು. ‘ವೆರಿ ಟೈರ್ಡ್’ ಬದಲು ‘ಎಗ್ಸಾಸ್ಟೆಡ್’. ಹಾಗೆಯೇ ‘ತುಂಬಾ ಸುಸ್ತಾಯಿತು’ ಎನ್ನುವ ಕಡೆ ‘ಬಳಲಿ ಬೆಂಡಾದೆ’ ಎನ್ನಬಹುದಲ್ಲವೇ?

ಮ್ಯಾಂಚೆಸ್ಟರಿನ ದಾದಿ:

ಹಾಸನದವಳು, ಈಗ ಇಂಗ್ಲೆಂಡಿನಲ್ಲಿ ದಾದಿಯಾಗಿ ಕೆಲಸ ಮಾಡುತ್ತೇನೆ. ಒಂದು ವಿಷಯ ಯಾರೂ ಎತ್ತಲಿಲ್ಲ, ಅದು ನನಗೆ ಮುಖ್ಯ.

ಊರಿನಲ್ಲಿ ‘ಅಮ್ಮನಿಗೆ ತುಂಬಾ ಹುಷಾರಿಲ್ಲ’ ಎಂದು ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಕಾಯಿಲೆ ಜೋರಾಗಿದೆ ಎಂದು ಅರ್ಥ. ಇದನ್ನೇ ಪದಕ್ಕೆ ಪದ ಇಟ್ಟು ‘ಶಿ ಈಸ್ ನಾಟ್ ವೆರಿ ವೆಲ್’ ಎಂದರೆ? ಇಲ್ಲಿ ಬಂದ ಹೊಸದರಲ್ಲಿ ರೋಗಿಯೊಬ್ಬರ ಸ್ಥಿತಿಯನ್ನು ನಾನು ಹೀಗೆಯೇ ವರದಿ ಮಾಡಿದೆ. ನನ್ನ ಮನಸ್ಸಿನಲ್ಲಿದ್ದದ್ದು ‘ತುಂಬಾ ಹುಷಾರಿಲ್ಲ’. ಕೇಳಿದವರು ಗ್ರಹಿಸಿದ್ದು ‘ಅಷ್ಟೇನೂ ಹುಷಾರಾಗಿಲ್ಲ’. ನಾನೇ ಮತ್ತೆ ಹೋಗಿ ಅವಸರ ಮಾಡಿದ್ದರಿಂದ ಕೆಡುಕಾಗಲಿಲ್ಲ. ಯಾರ ತಪ್ಪೂ ಅಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೇಳಬೇಕಾಗಿದ್ದದ್ದು ‘ವೆರಿ ಅನ್‌ವೆಲ್’.

ಕನ್ನಡದಲ್ಲಿ ‘ತುಂಬಾ’ ಇಡೀ ‘ಹುಷಾರಿಲ್ಲ’ವನ್ನು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ‘ನಾಟ್’ ಬಂದು ‘ವೆರಿ’ಯನ್ನೇ ಹಿಡಿಯುತ್ತದೆ, ಅದರ ಶಕ್ತಿಯನ್ನು ಇಳಿಸುತ್ತದೆ. ಇದರ ಮೇಲೆ ಇಲ್ಲಿನ ಜನರ ಸ್ವಭಾವ ಬೇರೆ. ಎದ್ದು ನಿಲ್ಲಲಾರದಷ್ಟು ನೋವಿದ್ದರೂ ವಯಸ್ಸಾದವರು ‘ನಾಟ್ ವೆರಿ ಕಂಫರ್ಟಬಲ್’ ಎಂದಷ್ಟೇ ಹೇಳುತ್ತಾರೆ. ಪದವನ್ನು ನಂಬಿ ಕುಳಿತರೆ ಆಗುವುದಿಲ್ಲ. ಸೊನ್ನೆಯಿಂದ 10ರ ಅಳತೆಯಲ್ಲಿ ನೋವು ಎಷ್ಟು ಎಂದು ಕೇಳುತ್ತೇನೆ, ಮುಖ ನೋಡುತ್ತೇನೆ.

ಹಾವೇರಿಯ ಶಿಕ್ಷಕಿ:

ಅಕ್ಕ, ಇದನ್ನು ಓದಿ ಮೈ ಜುಮ್ಮೆಂದಿತು. ಇದು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಮಂಗಳೂರಿನ ಓದುಗ:

ಚಿಕ್ಕ ಟಿಪ್ಪಣಿ. ಚರ್ಚಿನ ಆಮಂತ್ರಣಗಳಲ್ಲಿ ಬಿಷಪರ ಹೆಸರಿನ ಮುಂದೆ ‘ರೈಟ್ ರೆವರೆಂಡ್’ ಎಂದೂ, ಅವರಿಗಿಂತ ಕೆಳಗಿನ ಕೆಲವು ಹುದ್ದೆಗಳವರಿಗೆ ‘ವೆರಿ ರೆವರೆಂಡ್’ ಎಂದೂ ಇರುತ್ತದೆ. ‘ರೈಟ್’ ಏಕೆ ಮೇಲು ಎಂದು ಚಿಕ್ಕಂದಿನಿಂದ ಕುತೂಹಲವಿತ್ತು.

ಧಾರವಾಡದ ನಿವೃತ್ತ ಅಧ್ಯಾಪಕ:

ಆ ‘ರೈಟ್’ ಕೂಡ ಒಂದು ಕಾಲದಲ್ಲಿ ‘ಬಹಳ’ ಎಂಬ ಅರ್ಥದಲ್ಲಿ ನಡೆದ ನಾಣ್ಯ. ಮಾತಿನಲ್ಲಿ ‘ವೆರಿ’ ಅದನ್ನು ಬಹುತೇಕ ಹಿಂದಕ್ಕೆ ತಳ್ಳಿತು, ಬಿರುದುಗಳಲ್ಲಿ ಅದು ಗಟ್ಟಿಯಾಗಿ ಕುಳಿತುಬಿಟ್ಟಿತು. ಈಗ ‘ವೆರಿ’ಯ ಜಾಗಕ್ಕೂ ‘ರಿಯಲಿ’ ಬಂದು ನಿಲ್ಲುತ್ತಿದೆ. ಅದರ ಒಳಗಿರುವುದೂ ‘ನಿಜ’ವೇ.

ತುಮಕೂರಿನ ತಂದೆ:

ನನ್ನ ಮಗ ‘ಟೂ ಗುಡ್’, ‘ಟೂ ನೈಸ್’ ಎನ್ನುತ್ತಿರುತ್ತಾನೆ. ‘ವೆರಿ’ ಮತ್ತು ‘ಟೂ’ ಎರಡೂ ಒಂದೇ ಅಲ್ಲವೇ?

ಬೆಂಗಳೂರಿನ ಅನುವಾದಕ:

ಅಲ್ಲ, ಸರ್. ‘ಕಾಫಿ ತುಂಬಾ ಬಿಸಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಹಬೆಯಾಡುವ ಕಾಫಿ ಸಿಕ್ಕಿತೆಂಬ ಸಂತೋಷದಲ್ಲಿ ಹೇಳಿದರೆ ಅದು ‘ವೆರಿ ಹಾಟ್’. ಬಾಯಿ ಸುಡುತ್ತದೆ ಎಂದು ಲೋಟ ಕೆಳಗಿಟ್ಟು ಹೇಳಿದರೆ ‘ಟೂ ಹಾಟ್’. ಕನ್ನಡದಲ್ಲಿ ಎರಡಕ್ಕೂ ಅದೇ ವಾಕ್ಯ ಸಾಕು, ದನಿ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಬಿಡಿಸಿ ಹೇಳಲೇಬೇಕೆಂದರೆ ‘ಕುಡಿಯಲಾರದಷ್ಟು ಬಿಸಿ’ ಎನ್ನುತ್ತೇವೆ. ಆ ‘ಲಾರದಷ್ಟು’ ಎಂಬುದು ‘ಟೂ’ವಿನ ಒಳಗೆ ಅಡಗಿದೆ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯ ‘ಅತಿ’ ಇದೇ. ಹೊಗಳುವಾಗ ‘ಟೂ ಗುಡ್’ ಎನ್ನುವುದು ಸ್ನೇಹಿತರ ನಡುವೆ ಈಗ ಚಲಾವಣೆಯಲ್ಲಿದೆ, ಆದರೆ ಮಗ ಅರ್ಜಿಯಲ್ಲಿ ‘ಐ ಆ್ಯಮ್ ಟೂ ಇಂಟರೆಸ್ಟೆಡ್’ ಎಂದು ಬರೆಯದಂತೆ ನೋಡಿಕೊಳ್ಳಿ. ಮಿತಿಮೀರಿದ ಆಸಕ್ತಿ ಎಂದು ಓದಿಬಿಡುತ್ತಾರೆ.

ಕಲಬುರಗಿಯ ಪದವೀಧರ:

‘ಗಿಂತ’ದ ವಿವರಣೆ ಓದಿದ ಮೇಲೆ ಇನ್ನು ಮುಂದೆ ಎಂದೂ ತಪ್ಪಾಗಲಾರದು ಎಂಬ ಧೈರ್ಯ ಬಂದಿದೆ. ಹತ್ತು ವರ್ಷದ ಹಿಂದೆಯೇ ಯಾರಾದರೂ ಕನ್ನಡದಿಂದ ಆರಂಭಿಸಿ ಹೀಗೆ ಹೇಳಿಕೊಟ್ಟಿದ್ದರೆ!

ಹಾವೇರಿಯ ಶಿಕ್ಷಕಿ:

ಇವತ್ತು ತರಗತಿಯಲ್ಲಿ ನಡೆದದ್ದನ್ನು ಹೇಳಲೇಬೇಕು. ‘ಮನೆ ತುಂಬಾ ನೆಂಟರು’ ಎಂದು ಹಲಗೆಯ ಮೇಲೆ ಬರೆದೆ, ಪಕ್ಕದಲ್ಲಿ ‘ತುಂಬಾ ನೆಂಟರು’. ವ್ಯತ್ಯಾಸವನ್ನು ಮಕ್ಕಳೇ ಹೇಳಿದರು. ಆಮೇಲೆ ‘ದಿಸ್ ವೆರಿ ರೂಮ್’ ಮತ್ತು ‘ವೆರಿ ಬಿಗ್ ರೂಮ್’ ಬರೆದೆ. ಪದ ಹಿಂದೆ ‘ನಿಜ’ವಾಗಿತ್ತು ಎಂದು ಹೇಳಿದಾಗ ಆ ಹುಡುಗಿ, “ಹಾಗಾದರೆ ಇದು ‘ಇದೇ’ ಎಂಬುದರ ಏ ಅಲ್ಲವೇ ಮೇಡಂ?” ಎಂದಳು. ಅನುವಾದಕರ ಉತ್ತರ ನಾನು ಹೇಳುವ ಮೊದಲೇ ಅವಳಿಗೆ ಸಿಕ್ಕಿತ್ತು.

ಎಲ್ಲರಿಗೂ ಒಂದೊಂದು ವಾಕ್ಯ ಬರೆಯಲು ಹೇಳಿದೆ. ಅವಳು ಬರೆದದ್ದು, ‘ಮೈ ಗ್ರ್ಯಾಂಡ್‌ಮದರ್ ಸ್ಯಾಟ್ ಅಂಡರ್ ದಿಸ್ ವೆರಿ ಓಲ್ಡ್ ಟ್ರೀ’. ಕೇಳಿದಾಗ ಕನ್ನಡದಲ್ಲಿ ಹೇಳಿದಳು: ‘ನನ್ನ ಅಜ್ಜಿ ಇದೇ ಹಳೆಯ ಮರದ ಕೆಳಗೆ ಕೂರುತ್ತಿದ್ದಳು.’ ಮರ ತುಂಬಾ ಹಳೆಯದು ಎಂದು ಹೇಳುವುದು ಅವಳ ಉದ್ದೇಶವಲ್ಲ. ಇದಕ್ಕೆ ಸರಿ ಗುರುತು ಹಾಕಲೇ, ಬೇಡವೇ?

ಧಾರವಾಡದ ನಿವೃತ್ತ ಅಧ್ಯಾಪಕ:

ವಾಕ್ಯ ಸರಿ, ಆದರೆ ಓದುವವರು ‘ತುಂಬಾ ಹಳೆಯ ಮರ’ ಎಂದೇ ಓದುತ್ತಾರೆ. ಗುಣವಾಚಕ ಪಕ್ಕದಲ್ಲಿ ಸಿಕ್ಕ ಕೂಡಲೇ ‘ವೆರಿ’ ಅದಕ್ಕೇ ಅಂಟಿಕೊಳ್ಳುತ್ತದೆ. ಅವಳಿಗೆ ಬೇಕಾದ ‘ಇದೇ’ ಉಳಿಯಬೇಕಾದರೆ ‘ಓಲ್ಡ್’ ಬಿಟ್ಟು ‘ಅಂಡರ್ ದಿಸ್ ವೆರಿ ಟ್ರೀ’ ಎಂದು ಬರೆಯಲಿ. ಅಜ್ಜಿ ಕೂರುತ್ತಿದ್ದ ಮರ ಎಂದ ಮೇಲೆ ಅದು ಹಳೆಯದು ಎಂದು ಓದುವವರಿಗೆ ತಾನೇ ತಿಳಿಯುತ್ತದೆ. ಗುರುತನ್ನು ಹಾಕಿಬಿಡಿ ಮೇಡಂ, ಪಕ್ಕದಲ್ಲಿ ಇದನ್ನೂ ಬರೆದುಕೊಡಿ.